ಅಂಗಾಂಶದ ತುಣುಕು ತೆಗೆಯುವ ಅಲಗುಗಳು

ಮನುಷ್ಯನ ಶರೀರದಿಂದ ಒಂದು ಸಣ್ಣ ತುಣುಕನ್ನು ತೆಗೆದು, ಅದನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿರಿಸಿ, ರೋಗದ ಸ್ವರೂಪವನ್ನು ನಿರ್ಣಯಿಸುವ ಪರೀಕ್ಷೆಗೆ ಬಯಾಪ್ಸಿ ಎಂದು ಹೆಸರು. ಈ ಹೆಸರನ್ನು ೧೮೭೯ರಲ್ಲಿ ಬಳಕೆಗೆ ತಂದವನು ಫ್ರಾನ್ಸಿನ ಚರ್ಮರೋಗತಜ್ಞನಾದ ಎರ್ನೆಸ್ಟ್ ಬೆಸ್ನಿಯೇ ಎಂಬವನು. ಗ್ರೀಕ್ ಭಾಷೆಯಲ್ಲಿ ಜೀವವೆಂಬ ಅರ್ಥದ ಪದವನ್ನೂ ನೋಟವೆಂಬ ಅರ್ಥದ ಪದವನ್ನೂ ಕೂಡಿಸಿ ಅವನು ಇದನ್ನು ಕಟ್ಟಿದನು. ಕನ್ನಡದ ಪುಸ್ತಕಗಳಲ್ಲಿ ಅಂಗಾಂಶ ಪರೀಕ್ಷೆ, ಊತಕ ಪರೀಕ್ಷೆ ಎಂಬ ಮಾತುಗಳು ದೊರೆಯುತ್ತವೆ. ಆದರೆ ಪರೀಕ್ಷೆಗೆ ಹೆಸರು ದೊರೆತರೂ, ಅದಕ್ಕೆ ಬೇಕಾದ ಶಸ್ತ್ರಗಳಿಗೆ ಹೆಸರು ದೊರೆತಿಲ್ಲ. ಚರ್ಮವನ್ನು ಕೊರೆಯುವ ಕೊಳವೆಯೂ, ಹುಣ್ಣಿನ ಅಂಚನ್ನು ಚಿವುಟುವ ಇಕ್ಕಳವೂ, ಯಕೃತ್ತಿನೊಳಕ್ಕೆ ಇಳಿಯುವ ಸೂಜಿಯೂ ಆಡುಮಾತಿನಲ್ಲಿ ಒಟ್ಟಾಗಿ 'ಕತ್ತಿ ಹಾಕಿದರು' ಎಂಬ ಒಂದೇ ಮಾತಿನಲ್ಲಿ ಅಡಗಿಹೋಗುತ್ತವೆ. ಈ ಬಡತನವು ಭಾಷೆಯದಲ್ಲ, ಬಳಸುವವರದು. ಕೊಯ್ಯುವ ಒಂದೊಂದು ಬಗೆಗೂ ಕನ್ನಡದಲ್ಲಿ ಬೇರೆ ಬೇರೆ ಧಾತುಗಳಿವೆ. ಅಷ್ಟೇ ಅಲ್ಲ, ಶಸ್ತ್ರವೈದ್ಯರ ಅಲಗಿಗೆ ಒಪ್ಪುವುದೆಂದು ಯೂರೋಪಿನಲ್ಲಿ ಒಮ್ಮೆ ಕೊಂಡಾಡಲ್ಪಟ್ಟ ಲೋಹದ ಹೆಸರೇ ಕನ್ನಡದ ಪದವೊಂದರ ಅಪಭ್ರಂಶವೆಂದು ಎಣಿಸಲು ಬಲವಾದ ಕಾರಣವುಂಟು.

ಮೊದಲು ಲೋಹದ ವಿಷಯ. ಬೆಂಗಳೂರಿನ ನೈರುತ್ಯಕ್ಕಿರುವ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು ೨೦೦೭ರಲ್ಲಿ ರಾಮನಗರ ಜಿಲ್ಲೆಯಾಗಿ ಒಂದುಗೂಡಿದುವು. ೨೦೨೫ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂದು ಹೆಸರಾಯಿತು. ಈ ಸೀಮೆಯನ್ನು ಇಂದು ಜನ ಬಲ್ಲುದು ರೇಷ್ಮೆಯ ಗೂಡಿನಿಂದಲೂ ಅರಗಿನ ಬಣ್ಣದ ಬೊಂಬೆಗಳಿಂದಲೂ. ಆದರೆ ಶ್ರೀರಂಗಪಟ್ಟಣವು ಬಿದ್ದ ಮರುವರ್ಷ, ಎಂದರೆ ೧೮೦೦ರಲ್ಲಿ, ವೆಲ್ಲೆಸ್ಲಿಯ ಆಜ್ಞೆಯಂತೆ ಮೈಸೂರು ದೇಶವನ್ನು ಸುತ್ತಹೊರಟ ವೈದ್ಯ ಫ್ರಾನ್ಸಿಸ್ ಬುಕಾನನ್ನನು ಚನ್ನಪಟ್ಟಣದಲ್ಲಿ ಗಮನಿಸಿದ ಕೈಗಾರಿಕೆ ಬೇರೊಂದು. ಅಲ್ಲಿ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿಯನ್ನು ಎಳೆಯುತ್ತಿದ್ದರು; ಆ ತಂತಿ ಇಂಡಿಯಾದ ದೂರದ ಪ್ರಾಂತಗಳಿಗೂ ಹೋಗುತ್ತಿತ್ತು. ಅವನ ಪ್ರವಾಸಕಥನವು ೧೮೦೭ರಲ್ಲಿ ಮೂರು ಸಂಪುಟಗಳಾಗಿ ಲಂಡನ್ನಿನಲ್ಲಿ ಅಚ್ಚಾಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ರೈಸ್ ಸಾಹೇಬನು ಮೈಸೂರು ಗ್ಯಾಸೆಟಿಯರನ್ನು ಬರೆದಾಗಲೂ ಚನ್ನಪಟ್ಟಣದ ಬೊಂಬೆಗಳ ಮಗ್ಗುಲಲ್ಲಿಯೇ ಈ ತಂತಿಯನ್ನು ಹೆಸರಿಸಿದ್ದಾನೆ. ಮಾಗಡಿಯ ಕಡೆಯಲ್ಲಿ ಕಬ್ಬಿಣದ ಅದುರನ್ನು ಕರಗಿಸುವ ಕುಲುಮೆಗಳು ಉರಿಯುತ್ತಿದ್ದುವು.

ವೀಣೆಯ ತಂತಿಗೂ ವೈದ್ಯನ ಅಲಗಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವು ಲೋಹದ ಒಳರಚನೆಯಲ್ಲಿದೆ. ಹಳೆಯ ಕುಲುಮೆಯಲ್ಲಿ ಇದ್ದಲಿನೊಡನೆ ಅದುರನ್ನು ಕಾಯಿಸಿದಾಗ ಕಬ್ಬಿಣವು ಪೂರ್ತಿ ದ್ರವವಾಗುವುದಿಲ್ಲ. ಸ್ಪಂಜಿನಂತಹ ಗಟ್ಟಿಯಾಗಿ ಅಡಿಯಲ್ಲಿ ನಿಲ್ಲುತ್ತದೆ. ಅದರ ರಂಧ್ರಗಳಲ್ಲಿ ಕಿಟ್ಟವು ಸೇರಿರುತ್ತದೆ. ಎಷ್ಟು ಬಡಿದರೂ ಆ ಕಿಟ್ಟದ ಎಳೆಗಳು ಒಂದಿಷ್ಟು ಉಳಿದೇ ಉಳಿಯುತ್ತವೆ. ನೇಗಿಲ ಗುಳಕ್ಕೆ ಇದರಿಂದ ತೊಂದರೆಯಿಲ್ಲ. ಆದರೆ ಕೂದಲಿನಷ್ಟು ತೆಳುವಾದ ತಂತಿಯನ್ನು ಎಳೆಯುವಾಗ ಕಿಟ್ಟವಿರುವ ಜಾಗದಲ್ಲಿಯೇ ಅದು ತುಂಡಾಗುತ್ತದೆ. ಕೂದಲಿಗಿಂತ ತೆಳುವಾಗಿ ಮಸೆದ ಅಲಗಿನ ಬಾಯಿಯೂ ಅಂತಹ ಜಾಗದಲ್ಲಿಯೇ ಮುಕ್ಕಾಗುತ್ತದೆ. ಕಿಟ್ಟವನ್ನು ನೀಗಿಸಲು ದಕ್ಷಿಣದ ಕಮ್ಮಾರರು ಕಂಡುಕೊಂಡ ಉಪಾಯವೆಂದರೆ ಮೂಸೆ. ಮೆದುಗಬ್ಬಿಣದ ಚೂರನ್ನು ತಂಗಡಿಯ ಕಟ್ಟಿಗೆ, ಹಸಿಯ ಎಲೆ ಮೊದಲಾದುವುಗಳೊಡನೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯನ್ನು ಮಣ್ಣಿನಿಂದ ಮುಚ್ಚಿ, ತಿದಿಯೊತ್ತಿ ಗಂಟೆಗಟ್ಟಲೆ ಕಾಯಿಸುತ್ತಿದ್ದರು. ಕಟ್ಟಿಗೆಯ ಅಂಗಾರವು ಕಬ್ಬಿಣಕ್ಕೆ ಸೇರಿದಂತೆ ಅದು ಕರಗುವ ಉಷ್ಣಮಾನವು ಇಳಿಯುತ್ತದೆ. ಲೋಹವು ನಿಜವಾಗಿ ದ್ರವವಾಗುತ್ತದೆ. ಕಿಟ್ಟವು ಮೇಲೆ ತೇಲಿ ಬೇರೆಯಾಗುತ್ತದೆ. ತಣಿದ ಮೇಲೆ ಮೂಸೆಯನ್ನು ಒಡೆದರೆ ಶೇಕಡ ಒಂದರಿಂದ ಎರಡರವರೆಗೆ ಅಂಗಾರವಿರುವ, ಒಳಗೆಲ್ಲ ಒಂದೇ ಸಮನಾದ ಸಣ್ಣ ಗಟ್ಟಿ ದೊರೆಯುತ್ತಿತ್ತು. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಇಂತಹ ಮೂಸೆಗಳ ಚೂರುಗಳು ದೊರೆತು, ಆಧುನಿಕ ಲೋಹಶಾಸ್ತ್ರಜ್ಞರ ಪರೀಕ್ಷೆಗೆ ಒಳಗಾಗಿವೆ.

ಈ ಗಟ್ಟಿಗೆ ಉಕ್ಕು ಎಂದು ಹೆಸರು. ಹಳಗನ್ನಡದ ಉರ್ಕು ಎಂಬುದೇ ಹೊಸಗನ್ನಡದಲ್ಲಿ ಉಕ್ಕು ಎಂದಾಗಿದೆ. ಪೆರ್ಚು ಎಂಬುದು ಹೆಚ್ಚು ಎಂದೂ, ಇರ್ದು ಎಂಬುದು ಇದ್ದು ಎಂದೂ ಆದ ರೀತಿಯೇ ಇದು. ತಮಿಳಿನಲ್ಲಿ ಉರುಕು ಎಂದರೆ ಕರಗು, ಉರುಕ್ಕು ಎಂದರೆ ಕರಗಿಸು. ಉರುಕ್ಕು ಎಂಬುದಕ್ಕೆ ಉಕ್ಕೆಂಬ ಅರ್ಥವೂ ಉಂಟು. ಹಾಲು ಉಕ್ಕಿತು ಎಂಬಲ್ಲಿಯ ಕ್ರಿಯಾಪದವನ್ನು ನೆನೆದು ಲೋಹದ ಹೆಸರನ್ನು ಅದರಿಂದ ಹುಟ್ಟಿಸುವವರೂ ಇದ್ದಾರೆ. ಆದರೆ ದ್ರಾವಿಡ ಧಾತುಗಳನ್ನು ವಿಂಗಡಿಸಿದ ವಿದ್ವಾಂಸರು ಇವೆರಡನ್ನೂ ಬೇರೆ ಬೇರೆ ಮೂಲಗಳಲ್ಲಿ ಇರಿಸಿದ್ದಾರೆ; ಅರ್ಥವನ್ನು ನೋಡಿದರೂ 'ಕರಗಿದ್ದು' ಎಂಬುದೇ ಮೂಸೆಯ ಲೋಹಕ್ಕೆ ಒಪ್ಪುವ ಹೆಸರು. ಬಡಿದುಮಾಡಿದ ಕಬ್ಬಿಣಕ್ಕೂ ಕರಗಿಸಿಮಾಡಿದ ಲೋಹಕ್ಕೂ ಇರುವ ಭೇದವು ಹೆಸರಿನಲ್ಲಿಯೇ ನಿಂತಿದೆ.

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಈ ಹೆಸರು ಸಮುದ್ರವನ್ನು ದಾಟಿತು. ೧೭೯೪ರಲ್ಲಿ ಬೊಂಬಾಯಿಯ ವೈದ್ಯ ಹೆಲೆನಸ್ ಸ್ಕಾಟನು ಈ ಲೋಹದ ಮಾದರಿಗಳನ್ನು ರಾಯಲ್ ಸೊಸೈಟಿಯ ಅಧ್ಯಕ್ಷನಾಗಿದ್ದ ಜೋಸೆಫ್ ಬ್ಯಾಂಕ್ಸನಿಗೆ ಕಳುಹಿದನು. ಮರುವರ್ಷ ಜಾರ್ಜ್ ಪಿಯರ್ಸನ್ನನು ಅದನ್ನು ಕುರಿತು ಸೊಸೈಟಿಯಲ್ಲಿ ಪ್ರಬಂಧವನ್ನೋದಿದನು. ಅದರಲ್ಲಿ ಲೋಹದ ಹೆಸರು 'ವೂಟ್ಜ್'. ಕನ್ನಡದ ನಾಲಗೆಯಲ್ಲಿ ಪದದ ಮೊದಲ ಉಕಾರವು ವಕಾರದ ಎಳೆಯೊಡನೆ ವುಕ್ಕು ಎಂಬಂತೆ ಕೇಳಿಸುವುದು ಎಲ್ಲರೂ ಬಲ್ಲ ವಿಷಯ. ಯೂಲ್ ಮತ್ತು ಬರ್ನೆಲ್ ಎಂಬವರು ೧೮೮೬ರಲ್ಲಿ ಪ್ರಕಟಿಸಿದ ಹಾಬ್ಸನ್-ಜಾಬ್ಸನ್ ಎಂಬ ಪದಕೋಶದಲ್ಲಿ, ವೂಕ್ ಎಂದು ಬರೆದಿದ್ದುದನ್ನು ಯಾರೋ ವೂಟ್ಜ್ ಎಂದು ತಪ್ಪಾಗಿ ಓದಿರಬೇಕೆಂದೂ, ಅದರ ಮೂಲವು ಕನ್ನಡದ ಉಕ್ಕು ಆಗಿರಬಹುದೆಂದೂ ಊಹಿಸಿದ್ದಾರೆ. ತೆಲುಗಿನಲ್ಲಿಯೂ ಈ ಪದವು ಉಕ್ಕು ಎಂದೇ ಇರುವುದರಿಂದ ಕನ್ನಡಕ್ಕೆ ಮಾತ್ರವೇ ಸಲ್ಲಬೇಕೆಂದು ಹಟಹಿಡಿಯುವುದು ಯುಕ್ತವಲ್ಲ. ಆದರೂ ಕೋಶಕಾರರು ಹೆಸರಿಸಿದುದು ಕನ್ನಡವನ್ನೇ.

ಪಿಯರ್ಸನ್ನನಿಗಾಗಿ ಈ ಲೋಹವನ್ನು ಬಡಿದು ಒಂದು ಲೇಖನಿ ಕೊಯ್ಯುವ ಚಾಕುವನ್ನು ಮಾಡಿಕೊಟ್ಟವನು ಜೇಮ್ಸ್ ಸ್ಟೊಡಾರ್ಟ್. ಲಂಡನ್ನಿನಲ್ಲಿ ಶಸ್ತ್ರವೈದ್ಯರ ಉಪಕರಣಗಳನ್ನು ಮಾಡುತ್ತಿದ್ದ ಇವನು ಈ ಉಕ್ಕಿಗೆ ಮರುಳಾದನೆಂದೇ ಹೇಳಬೇಕು. ವರ್ಷಗಟ್ಟಲೆ ಹೋಲಿಸಿ ನೋಡಿದ ಮೇಲೆ ಯೂರೋಪಿನ ಉತ್ತಮವಾದ ಉಕ್ಕಿಗಿಂತಲೂ ಇದು ಮೇಲೆಂದು ತನ್ನ ಅಂಗಡಿಯ ಚೀಟಿಯಲ್ಲಿಯೇ ಅಚ್ಚು ಹಾಕಿಸಿದನು. ಬೆಂಜಮಿನ್ ಹೈನನ ಗ್ರಂಥವು ೧೮೧೪ರಲ್ಲಿ ಹೊರಬಂದಾಗ, ಶಸ್ತ್ರಕ್ರಿಯೆಯ ಅಲಗುಗಳಿಗೆ ಇದು ವಿಶೇಷವಾಗಿ ಒಪ್ಪುವುದೆಂಬ ಸ್ಟೊಡಾರ್ಟನ ಅಭಿಪ್ರಾಯವೂ ಅದರಲ್ಲಿ ಸೇರಿತು. ಮುಂದೆ ವಿದ್ಯುಚ್ಛಾಸ್ತ್ರದಲ್ಲಿ ಜಗತ್ಪ್ರಸಿದ್ಧನಾದ ಮೈಕೇಲ್ ಫ್ಯಾರಡೆಯು ಇವನೊಡನೆ ಸೇರಿ ೧೮೨೦ರಲ್ಲಿಯೂ ೧೮೨೨ರಲ್ಲಿಯೂ ಉಕ್ಕಿನ ಮಿಶ್ರಲೋಹಗಳನ್ನು ಕುರಿತು ಪ್ರಬಂಧಗಳನ್ನು ಬರೆದನು; ಆ ಶೋಧನೆಗೆ ಪ್ರೇರಣೆಯೂ ಈ ವೂಟ್ಜೇ. ಇಷ್ಟರಿಂದ ಲಂಡನ್ನಿನ ವೈದ್ಯರು ಮಾಗಡಿಯ ಉಕ್ಕಿನಿಂದಲೇ ಕೊಯ್ದರೆಂದು ಹೇಳಹೊರಡುವುದು ಅಭಿಮಾನದ ಅತಿರೇಕ. ಸ್ಕಾಟನು ಮಾದರಿಗಳನ್ನು ಕಳುಹಿದುದು ಬೊಂಬಾಯಿಯಿಂದ. ಮೂಸೆಯ ಉಕ್ಕು ದಕ್ಷಿಣದ ಹಲವು ಕಡೆ ತಯಾರಾಗುತ್ತಿತ್ತು. ಹೇಳಬಹುದಾದುದು ಇಷ್ಟೇ: ಚನ್ನಪಟ್ಟಣದಲ್ಲಿ ತಂತಿಯೆಳೆಯುತ್ತಿದ್ದವರು ತಮ್ಮ ಲೋಹವನ್ನು ಯಾವ ಪದದಿಂದ ಕರೆಯುತ್ತಿದ್ದರೋ, ಅದೇ ಪದದ ವಿಕಾರರೂಪವನ್ನು ಲಂಡನ್ನಿನ ಶಸ್ತ್ರಕಾರನು ತನ್ನ ಅಂಗಡಿಯ ಚೀಟಿಯಲ್ಲಿ ಅಚ್ಚು ಹಾಕಿಸಿದನು. ಆ ಲೋಹದ ಕಾಲವೂ ಮುಗಿಯಿತು. ಇಂದಿನ ವೈದ್ಯನ ಅಲಗು ಕಾರ್ಖಾನೆಯಲ್ಲಿ ಅಂಗಾರದ ಉಕ್ಕಿನಿಂದಲೋ ತುಕ್ಕುಹಿಡಿಯದ ಉಕ್ಕಿನಿಂದಲೋ ತಯಾರಾಗಿ, ಮುಚ್ಚಿದ ಲಕೋಟೆಯಲ್ಲಿ ಬಂದು, ಒಮ್ಮೆ ಬಳಕೆಯಾಗಿ ಎಸೆಯಲ್ಪಡುತ್ತದೆ. ಹಿಡಿಯನ್ನು ಉಳಿಸಿಕೊಂಡು ಅಲಗನ್ನು ಮಾತ್ರ ಬದಲಿಸುವ ಈ ಏರ್ಪಾಡನ್ನು ೧೯೧೫ರಲ್ಲಿ ಅಮೆರಿಕದ ಮಾರ್ಗನ್ ಪಾರ್ಕರ್ ಎಂಬವನು ಕಲ್ಪಿಸಿದನು.

ಅಂಗಾಂಶದ ತುಣುಕನ್ನು ತೆಗೆಯುವ ಅಲಗಿಗೆ ಇತರ ಅಲಗುಗಳಿಗಿಲ್ಲದ ಒಂದು ಹೊಣೆಯುಂಟು. ಬಾವನ್ನು ಒಡೆಯುವವನು ಒಳಗಿರುವುದು ಹೊರಬಂದರೆ ತೃಪ್ತನಾಗುತ್ತಾನೆ. ಹೊರಬಂದುದರ ಆಕಾರವನ್ನು ಅವನು ನೋಡಬೇಕಾಗಿಲ್ಲ. ತುಣುಕು ತೆಗೆಯುವವನಿಗಾದರೋ ಆಕಾರವೇ ಸರ್ವಸ್ವ. ಜೀವಕೋಶಗಳು ಸಾಲಾಗಿ ನಿಂತಿವೆಯೋ ಕೆದರಿವೆಯೋ, ಮೇಲಿನ ಪದರವು ಕೆಳಗಿನ ಪದರದೊಳಕ್ಕೆ ನುಗ್ಗಿದೆಯೋ ಇಲ್ಲವೋ, ಎಂಬುದನ್ನು ನೋಡಿಯೇ ರೋಗಶಾಸ್ತ್ರಜ್ಞನು ಇದು ಅರ್ಬುದ, ಇದು ಅಲ್ಲ ಎಂದು ಹೇಳಬೇಕು. ಅಲಗು ಮೊಂಡಾಗಿದ್ದರೆ ಅದು ಕೊಯ್ಯುವ ಮುನ್ನ ಒತ್ತುತ್ತದೆ. ಒತ್ತಿದಾಗ ಕೋಶಗಳು ಜಜ್ಜಿ, ಅವುಗಳ ಬೀಜಗಳು ಎಳೆಯೆಳೆಯಾಗಿ ಹರಡಿ, ಅಳಿಸಿದ ಅಕ್ಷರಗಳಂತಾಗುತ್ತವೆ. ಅಂತಹ ತುಣುಕನ್ನು ಓದಲಾಗದು, ಮತ್ತೊಮ್ಮೆ ಕೊಯ್ಯಬೇಕಾಗುತ್ತದೆ. ಚನ್ನಪಟ್ಟಣದ ಚರಕಿಗನು ಈ ಭೇದವನ್ನು ಚೆನ್ನಾಗಿ ಬಲ್ಲನು. ತಿರುಗುವ ಹಾಲೆಮರದ ಮೇಲೆ ಹರಿತವಾದ ಉಳಿಯನ್ನಿಟ್ಟರೆ ಸಿಂಬೆಯು ಉದ್ದವಾಗಿ ಬಿಚ್ಚಿಕೊಳ್ಳುತ್ತದೆ. ಮೊಂಡುಳಿಯನ್ನಿಟ್ಟರೆ ಮರದ ನಾರು ಕಿತ್ತುಬಂದು ಪುಡಿಯಾಗುತ್ತದೆ. ರಾಮನಗರದ ಸುತ್ತಣ ರೇಷ್ಮೆಗಾರರಿಗೂ ಇಂತಹದೇ ಒಂದು ಅನುಭವವುಂಟು. ಗೂಡಿನಲ್ಲಿ ಎಷ್ಟು ಪಾಲು ರೇಷ್ಮೆಯಿದೆಯೆಂದು ತಿಳಿಯಲು ಕೆಲವು ಗೂಡುಗಳನ್ನು ಆರಿಸಿ, ಕೊಯ್ದು, ಒಳಗಿನ ಕೋಶಾವಸ್ಥೆಯ ಹುಳುವನ್ನು ಹೊರತೆಗೆದು, ಬರಿಯ ಚಿಪ್ಪನ್ನು ತೂಗುತ್ತಾರೆ. ಹುಳುವು ಸೀಳಿ ಅದರ ರಸವು ಚಿಪ್ಪಿಗೆ ಹತ್ತಿದರೆ ತೂಕವು ಸುಳ್ಳಾಗುತ್ತದೆ.

ಇನ್ನು ಧಾತುಗಳ ವಿಷಯ. ಅಂಗಾಂಶದ ತುಣುಕನ್ನು ತೆಗೆಯುವ ರೀತಿಗಳಲ್ಲಿ ಮೊದಲನೆಯದು ಕೊಯ್ಯುವುದು. ಬಾಗಿದ ಹೊಟ್ಟೆಯ ಸಣ್ಣ ಅಲಗಿನಿಂದ, ಕಣ್ಣಿನಾಕಾರದ ತುಣುಕನ್ನು ಕೊಯ್ದು ತೆಗೆದು, ಗಾಯವನ್ನು ಹೊಲಿಯುತ್ತಾರೆ. ಹೊಗೆಸೊಪ್ಪಿನೊಡನೆ ಎಲೆಯಡಿಕೆ ಹಾಕುವವರ ಬಾಯಲ್ಲಿ ಮಾಯದ ಹುಣ್ಣು ಕಂಡಾಗ ತುಣುಕನ್ನು ಹುಣ್ಣಿನ ನಡುವಿನಿಂದ ತೆಗೆಯದೆ ಅಂಚಿನಿಂದ ತೆಗೆಯುವುದು ನಿಯಮ. ನಡುವೆ ಸತ್ತ ಮಾಂಸವಷ್ಟೇ ಇರಬಹುದು. ರೋಗವೂ ಆರೋಗ್ಯವೂ ಸಂಧಿಸುವ ಗಡಿಯು ಅಂಚಿನಲ್ಲಿರುತ್ತದೆ.

ಎರಡನೆಯದು ಕೊರೆಯುವುದು. ಪಂಚ್ ಎಂಬ ಶಸ್ತ್ರವನ್ನು ೧೮೮೭ರಲ್ಲಿ ನ್ಯೂಯಾರ್ಕಿನ ಎಡ್ವರ್ಡ್ ಕೀಸ್ ಎಂಬ ವೈದ್ಯನು ಚರ್ಮಕ್ಕಾಗಿ ಬಳಕೆಗೆ ತಂದನು. ತುದಿಯನ್ನು ಸುತ್ತಲೂ ಮಸೆದ ಒಂದು ಸಣ್ಣ ಕೊಳವೆ ಇದು. ಅಡ್ಡಳತೆ ಎರಡರಿಂದ ಎಂಟು ಮಿಲಿಮೀಟರು, ಸಾಮಾನ್ಯವಾಗಿ ಮೂರು ಅಥವಾ ನಾಲ್ಕು. ಕೊಳವೆಯುಳಿ ಎಂದು ಕರೆದರೆ ಇದರ ರೂಪವೂ ಕೆಲಸವೂ ಒಮ್ಮೆಗೇ ತಿಳಿಯುತ್ತವೆ. ಚರ್ಮಕ್ಕೆ ನೇರವಾಗಿ ಇದನ್ನು ಹಿಡಿದು ತಿರುಗಿಸುತ್ತ ಒತ್ತಿದರೆ, ಮೇಲ್ಪದರದಿಂದ ಕೊಬ್ಬಿನ ತನಕ ಎಲ್ಲ ಪದರಗಳೂ ಸೇರಿದ ಸಣ್ಣ ಕಂಬದಂತಹ ತುಣುಕು ಬಿಡುತ್ತದೆ. ಇಲ್ಲಿ ಒಂದು ಜಾಣ್ಮೆಯುಂಟು. ಚರ್ಮಕ್ಕೆ ಸ್ವಾಭಾವಿಕವಾದ ಬಿಗಿತದ ಗೆರೆಗಳಿವೆ. ಆ ಗೆರೆಗಳಿಗೆ ಅಡ್ಡಲಾಗಿ ಚರ್ಮವನ್ನು ಬೆರಳುಗಳಿಂದ ಎಳೆದು ಹಿಡಿದು ಕೊರೆದರೆ, ಕೈಬಿಟ್ಟೊಡನೆ ದುಂಡಾದ ರಂಧ್ರವು ಅಂಡಾಕಾರಕ್ಕೆ ತಿರುಗಿ, ಅಂಚುಗಳು ಸುಲಭವಾಗಿ ಕೂಡುತ್ತವೆ, ಕಲೆಯೂ ಕಡಿಮೆಯಾಗುತ್ತದೆ. ಬಿಟ್ಟ ತುಣುಕನ್ನು ಇಕ್ಕಳದಿಂದ ಹಿಸುಕದೆ ಸೂಜಿಯ ಮೊನೆಯಿಂದ ಎತ್ತಿ, ಬುಡವನ್ನು ಕತ್ತರಿಯಿಂದ ಬಿಡಿಸುತ್ತಾರೆ. ಅಲಗು ಉಳಿಸಿಕೊಟ್ಟ ಆಕಾರವನ್ನು ಇಕ್ಕಳವು ಕೆಡಿಸಬಾರದಷ್ಟೆ.

ಹೆರೆಯುವುದು ಬೇರೆ. ತೆಂಗಿನ ಕಾಯನ್ನು ಹೆರೆದಂತೆ ಇಲ್ಲಿ ಅಲಗು ಮೇಲ್ಮೈಗೆ ಸಮನಾಗಿ ಓಡುತ್ತದೆ. ಉಬ್ಬಿದ ಭಾಗ ಮಾತ್ರ ಬರುತ್ತದೆ, ಆಳವು ಬರುವುದಿಲ್ಲ. ರೋಗವು ಎಷ್ಟು ಕೆಳಗಿಳಿದಿದೆಯೆಂದು ತಿಳಿಯಬೇಕಾದಲ್ಲಿ ಇದು ಸಾಲದು. ಕೆರೆಯುವುದು ಇದಕ್ಕೂ ಬೇರೆ. ಕುಷ್ಠರೋಗದ ಪರೀಕ್ಷೆಯಲ್ಲಿ ಕಿವಿಯ ಹಾಲೆಯನ್ನೋ ಮಚ್ಚೆಯ ಅಂಚನ್ನೋ ಎರಡು ಬೆರಳುಗಳಿಂದ ಬಿಗಿಯಾಗಿ ಹಿಡಿದು ರಕ್ತವನ್ನು ಸರಿಸಿ, ಐದು ಮಿಲಿಮೀಟರು ಉದ್ದ, ಎರಡು ಮೂರು ಮಿಲಿಮೀಟರು ಆಳ ಸೀಳಿ, ಅಲಗನ್ನು ಅಡ್ಡಲಾಗಿ ತಿರುಗಿಸಿ ಸೀಳಿನ ಒಳಗೋಡೆಯನ್ನು ಕೆರೆಯುತ್ತಾರೆ. ಬಂದ ರಸವನ್ನು ಗಾಜಿನ ಮೇಲೆ ಸವರಿ, ೧೮೭೩ರಲ್ಲಿ ನಾರ್ವೆಯ ಹ್ಯಾನ್ಸನನು ಕಂಡುಹಿಡಿದ ರೋಗಾಣುವನ್ನು ಹುಡುಕುತ್ತಾರೆ. ಇಲ್ಲಿ ಆಕಾರದ ಗೊಡವೆಯಿಲ್ಲ. ಅಣುಜೀವಿಯು ಇದೆಯೋ ಇಲ್ಲವೋ ಎಂಬುದೊಂದೇ ಪ್ರಶ್ನೆ. ಒಂದೇ ಅಲಗು, ಎರಡು ಕೆಲಸ, ಎರಡು ಧಾತು. ಗಂಟಲು, ಜಠರ, ಕರುಳುಗಳೊಳಗಿಂದ ದರ್ಶಕನಳಿಕೆಯ ಮೂಲಕ ಬಟ್ಟಲುಬಾಯಿಯ ಇಕ್ಕಳದಿಂದ ಕಿತ್ತುತರುವ ಚೂರುಗಳಿಗೆ ಚಿವುಟುವುದು ಎಂಬುದೇ ಸರಿಯಾದ ಮಾತು.

ಚುಚ್ಚುವುದು ಎಂಬಲ್ಲಿ ಮಾತ್ರ ಕನ್ನಡದ ಧಾತುವೊಂದು ಮೋಸಗೊಳಿಸಬಹುದು. ಎರಡು ಬಗೆಯ ಸೂಜಿಗಳಿವೆ. ತೆಳುವಾದ ಸೂಜಿ ಕೊಯ್ಯುವುದಿಲ್ಲ. ಬಿಡಿ ಕೋಶಗಳನ್ನು ಹೀರಿ ತರುತ್ತದೆ. ದಪ್ಪನೆಯ ಸೂಜಿಯಾದರೋ ನಿಜವಾಗಿ ಕೊಯ್ಯುವ ಶಸ್ತ್ರ. ಅದರ ಒಳಗಡ್ಡಿಯಲ್ಲಿ ಸುಮಾರು ಎರಡು ಸೆಂಟಿಮೀಟರು ಉದ್ದದ ಕಚ್ಚು ಇರುತ್ತದೆ. ಗಡ್ಡಿಯು ಗಂಟಿನೊಳಕ್ಕೆ ಹೊಕ್ಕಾಗ ಅಂಗಾಂಶವು ಆ ಕಚ್ಚಿನಲ್ಲಿ ಕುಳಿತುಕೊಳ್ಳುತ್ತದೆ. ಹರಿತವಾದ ಹೊರಗೊಳವೆಯು ಅದರ ಮೇಲೆ ಜಾರಿ ಬಂದು ಅದನ್ನು ಕತ್ತರಿಸಿ ಒಳಗೇ ಮುಚ್ಚಿಕೊಳ್ಳುತ್ತದೆ. ಸಿಲ್ವರ್‌ಮನ್ನನು ೧೯೩೮ರಲ್ಲಿ ವರ್ಣಿಸಿದ ಸೀಳುಬಾಯಿಯ ಸೂಜಿಯು ಈ ವರ್ಗದ ಹಿರಿಯರಲ್ಲೊಂದು. ಎರಡು ಸೂಜಿಗಳಿಗೂ ಚುಚ್ಚುವುದೆಂದೇ ಹೇಳಿದರೆ, ಒಂದು ಬಿಡಿಯಕ್ಷರಗಳನ್ನೂ ಇನ್ನೊಂದು ಇಡಿಯ ವಾಕ್ಯವನ್ನೂ ತರುತ್ತದೆಂಬ ಭೇದವು ಮುಚ್ಚಿಹೋಗುತ್ತದೆ. ಹೀರುಸೂಜಿ, ಕೊಯ್ಸೂಜಿ ಎಂದು ಬೇರೆ ಮಾಡಿದರೆ ತೊಡಕು ತೀರೀತು.

ಹೊರಬಂದ ತುಣುಕು ಕೂಡಲೇ ಫಾರ್ಮಲಿನ್ನಿನ ದ್ರಾವಣಕ್ಕೆ ಬೀಳುತ್ತದೆ. ಅಲ್ಲಿ ಗಟ್ಟಿಯಾಗಿ, ನೀರು ಕಳೆದು, ಮೇಣದಲ್ಲಿ ಹುದುಗಿ, ಮೈಕ್ರೊಟೋಮೆಂಬ ಯಂತ್ರದ ಅಲಗಿನಿಂದ ಮಿಲಿಮೀಟರಿನ ಸಾವಿರದ ಮೂರರಿಂದ ಐದರಷ್ಟು ತೆಳುವಾದ ಹೊರೆಗಳಾಗಿ ಮತ್ತೆ ಕೊಯ್ಯಲ್ಪಡುತ್ತದೆ. ಮೊದಲ ಅಲಗು ಜಜ್ಜಿದುದನ್ನು ಈ ಎರಡನೆಯ ಅಲಗು ಸರಿಪಡಿಸಲಾರದು.

ಹೆಸರಿಡುವ ಈ ಕೆಲಸಕ್ಕೆ ಹಳೆಯ ಮಾದರಿಯೊಂದು ಕಣ್ಣಮುಂದಿದೆ. ಸುಶ್ರುತಸಂಹಿತೆಯ ಸೂತ್ರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಇಪ್ಪತ್ತು ಶಸ್ತ್ರಗಳ ಹೆಸರುಗಳಿವೆ. ದುಂಡುತುದಿಯದು ಮಂಡಲಾಗ್ರ, ನೈದಿಲೆಯ ದಳದಂತಿರುವುದು ಉತ್ಪಲಪತ್ರ, ಬತ್ತದ ಕಾಳಿನಂತಹ ಮೊನೆಯುಳ್ಳದು ವ್ರೀಹಿಮುಖ. ಕಣ್ಣಿಗೆ ಕಂಡ ವಸ್ತುವಿನಿಂದ ಹೆಸರು ಬಂದಿದೆಯೇ ಹೊರತು ಕಲ್ಪಿತವಾದ ಲಕ್ಷಣದಿಂದಲ್ಲ. ಅಲಗಿನ ಬಾಯಿಗೂ ಅಲ್ಲಿ ಅಳತೆಯಿದೆ: ಒಡೆಯುವ ಶಸ್ತ್ರದ ಧಾರೆ ಚನ್ನಂಗಿಯಷ್ಟು, ಹೆರೆಯುವುದರದು ಅದರಲ್ಲಿ ಅರ್ಧ, ಚುಚ್ಚುವುದರದು ಕೂದಲಿನಷ್ಟು, ಕತ್ತರಿಸಿ ತೆಗೆಯುವುದರದು ಕೂದಲಿನಲ್ಲಿ ಅರ್ಧ. ಕ್ರಿಯೆಯು ಬದಲಾದಂತೆ ಧಾರೆಯೂ ಬದಲಾಗಬೇಕೆಂಬ ತತ್ತ್ವವನ್ನು ಇದಕ್ಕಿಂತ ಅಡಕವಾಗಿ ಹೇಳುವುದು ಕಷ್ಟ. ಆದರೂ ಬಯಾಪ್ಸಿಯು ಸುಶ್ರುತನಿಗೆ ತಿಳಿದಿತ್ತೆಂದು ಸಾಧಿಸಹೊರಡುವವರ ಮಾತನ್ನು ಒಪ್ಪಲಾಗದು. ತುಣುಕನ್ನು ತೆಗೆದರೂ ಅದನ್ನು ನೋಡಲು ಸೂಕ್ಷ್ಮದರ್ಶಕವು ಬೇಕು, ಜೀವಕೋಶದ ಸಿದ್ಧಾಂತವು ಬೇಕು. ಎರಡೂ ಕೂಡಿ ಬಂದುದು ಹತ್ತೊಂಬತ್ತನೆಯ ಶತಮಾನದಲ್ಲಿ.

ಈ ಪದವಿಚಾರವು ಕೇವಲ ಪಂಡಿತರ ವಿನೋದವಲ್ಲ. ಕತ್ತಿ ತಾಗಿದರೆ ಗಂಟು ಮೈಯೆಲ್ಲ ಹರಡುವುದೆಂಬ ಭಯವು ಹಳ್ಳಿಗಳಲ್ಲಿಯೂ ಪಟ್ಟಣಗಳಲ್ಲಿಯೂ ಬೇರೂರಿದೆ. ತುಣುಕು ತೆಗೆದುದರಿಂದ ರೋಗವು ಹರಡುವುದು ಅತ್ಯಪೂರ್ವ. ಅಂತಹ ಶಂಕೆಗೆ ಎಡೆಯಿರುವ ಕೆಲವು ಗಂಟುಗಳಲ್ಲಿ, ಸೂಜಿಯು ಹೋದ ದಾರಿಯನ್ನೂ ಮುಂದಿನ ಶಸ್ತ್ರಕ್ರಿಯೆಯಲ್ಲಿ ಕೂಡಿಸಿ ತೆಗೆಯುವಂತೆ ವೈದ್ಯರು ಮೊದಲೇ ಏರ್ಪಡಿಸುತ್ತಾರೆ. ಪರೀಕ್ಷೆಗೆ ಹೆದರಿ ತಡಮಾಡುವುದರಿಂದಾಗುವ ಹಾನಿಯೇ ಹೆಚ್ಚು. ನಾಲ್ಕು ಮಿಲಿಮೀಟರಿನ ಕೊಳವೆಯುಳಿಯಿಂದ ಕೊರೆಯುತ್ತೇವೆ ಎಂಬ ಮಾತಿಗೂ ಆಪರೇಷನ್ ಮಾಡುತ್ತೇವೆ ಎಂಬ ಮಾತಿಗೂ ಕೇಳುವವನ ಮನಸ್ಸಿನಲ್ಲಿ ಏಳುವ ಚಿತ್ರಗಳು ಎಷ್ಟು ಬೇರೆಯೆಂಬುದನ್ನು ಭಾಷೆಯನ್ನು ಕಲಿಸುವವರಿಗೆ ವಿವರಿಸಬೇಕಾಗಿಲ್ಲ.

ನ್ಯಾಯಶಾಸ್ತ್ರವೂ ಈ ಭೇದವನ್ನು ಕೇಳುತ್ತದೆ. ೨೦೦೮ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಒಂದು ಮೊಕದ್ದಮೆಯಲ್ಲಿ, ರೋಗವನ್ನು ಕಂಡುಹಿಡಿಯುವ ಕ್ರಿಯೆಗೆ ರೋಗಿಯು ಕೊಟ್ಟ ಒಪ್ಪಿಗೆಯನ್ನು ಚಿಕಿತ್ಸೆಯ ಶಸ್ತ್ರಕ್ರಿಯೆಗೂ ಕೊಟ್ಟ ಒಪ್ಪಿಗೆಯೆಂದು ಎಣಿಸಲಾಗದೆಂದು ತೀರ್ಪಿತ್ತಿತು. ಜೀವವನ್ನು ಉಳಿಸುವ ತುರ್ತು ಇದ್ದಲ್ಲಿ ಮಾತ್ರ ವಿನಾಯಿತಿ. ಒಪ್ಪಿಗೆಯ ಪತ್ರದಲ್ಲಿ ಎರಡಕ್ಕೂ ಆಪರೇಷನ್ ಎಂಬ ಒಂದೇ ಪದವಿದ್ದರೆ, ಮಾಗಡಿಯ ರೈತನಾಗಲಿ ಕನಕಪುರದ ಹೆಂಗಸಾಗಲಿ ಯಾವುದಕ್ಕೆ ಹೆಬ್ಬೆಟ್ಟೊತ್ತಿದರೆಂದು ಹೇಳುವವರಾರು? 'ತುಣುಕು ತೆಗೆದು ನೋಡುವುದು', 'ಗಂಟನ್ನು ಇಡಿಯಾಗಿ ತೆಗೆಯುವುದು' ಎಂಬ ಎರಡು ಮಾತುಗಳಿಂದ ಈ ಗೊಂದಲವು ಬಹುಮಟ್ಟಿಗೆ ತೀರುತ್ತದೆ. ಉಳಿಯುವ ತೊಡಕು ಒಂದೇ: ಗಂಟು ಚಿಕ್ಕದಾಗಿದ್ದಾಗ ಅದನ್ನು ಇಡಿಯಾಗಿ ತೆಗೆದೇ ಪರೀಕ್ಷೆಗೆ ಕಳುಹುವುದುಂಟು. ಅಲ್ಲಿ ಪರೀಕ್ಷೆಯೂ ಚಿಕಿತ್ಸೆಯೂ ಒಂದೇ ಅಲಗಿನ ಒಂದೇ ಓಟದಲ್ಲಿ ಮುಗಿದುಹೋಗುವುದರಿಂದ, ಪತ್ರದಲ್ಲಿ ಎರಡು ಮಾತುಗಳನ್ನೂ ಬರೆದು, ಓದಿ ಹೇಳಿ, ಎರಡಕ್ಕೂ ಒಪ್ಪಿಗೆಯನ್ನು ಪಡೆಯಬೇಕಾಗುತ್ತದೆ.